ಹೊಳೆಯ ಕಡೆ ಕಾಲು ಮಾಡಿ ಮಲಗುವವಳು

ನಮ್ಮ ವೈನಿಯ ಹಿಮ್ಮಡಿಯ ಬಿರುಕುಗಳಲ್ಲಿ ವರ್ಷವಿಡೀ ಹಳದಿ ಬಣ್ಣ ಇರುತ್ತಿತ್ತು. ಮಂಗಸೂಳಿ ಮಲ್ಲಯ್ಯನ ಗುಡಿಯಲ್ಲಿ ಜನ ತೂರುವ ಭಂಡಾರ, ಅಂದರೆ ಅರಿಸಿನದ ಪುಡಿ, ಅಂಗಳದ ತುಂಬ ಬಿದ್ದಿರುತ್ತದಲ್ಲ, ಅದರ ಮೇಲೆ ಬರಿಗಾಲಲ್ಲಿ ನಡೆದು ಬಂದ ಕಾಲುಗಳು ಅವು. ಕಬ್ಬಿನ ಹೊಲದ ಕೆಸರು ತುಳಿದರೂ, ಕೊಟ್ಟಿಗೆಯ ಸೆಗಣಿ ತುಳಿದರೂ, ಕಲ್ಲಿಗೆ ಹಚ್ಚಿ ತಿಕ್ಕಿದರೂ, ಒಳಗೆಲ್ಲೋ ಒಂದು ಗೆರೆ ಹಳದಿ ಉಳಿದೇ ಇರುತ್ತಿತ್ತು.

"ವೈನಿ, ನಿಮ್ಮ ಕಾಲು ಕೆದರಿದ್ರ ಒಂದು ಪಲ್ಯಾಕ್ಕಾಗುವಷ್ಟು ಅರಿಷಿಣ ಸಿಗತೈತ್ರಿ" ಎಂದು ನಾನು ಕಾಡುತ್ತಿದ್ದೆ.

"ಬರ್ರಿ ಭಾವೋಜಿ, ಕೆದರ್ರಿ. ಆ ನೆವದಾಗರ ಒಂದು ದಿನ ನನ್ನ ಕಾಲು ಹಿಡದಂಗ ಆಗತೈತಿ" ಎನ್ನುತ್ತಿದ್ದಳು.

ವೈನಿ ಅಂದರೆ ಅಣ್ಣನ ಹೆಂಡತಿ. ನನಗೊಬ್ಬನಿಗೆ ವೈನಿಯಾಗಿ ನಮ್ಮೂರಾದ ಕರೋಶಿಗೆ ಬಂದವಳು ಸ್ವಲ್ಪ ದಿನದಲ್ಲೇ ಇಡೀ ಓಣಿಗೆ ವೈನಿಯಾದಳು. ಅವಳಿಗಿಂತ ಹಿರಿಯರೂ ವೈನಿ ಎನ್ನುತ್ತಿದ್ದರು, ಮೊನ್ನೆ ಹುಟ್ಟಿದ ಮಕ್ಕಳೂ ವೈನಿ ಎನ್ನುತ್ತಿದ್ದವು. ತವರು ಮೇಲಿನ ಸೀಮೆ, ಕೃಷ್ಣೆಯ ದಂಡೆಯಲ್ಲೇ ಇರುವ ಮರಾಠಿ ಮಾತಾಡುವ ಊರು. ಬಂದ ಹೊಸದರಲ್ಲಿ ಅವಳ ಕನ್ನಡ ಕುಂಟುತ್ತಿತ್ತು. ಬೈಗುಳ ಮಾತ್ರ ಎರಡು ಭಾಷೆಯಲ್ಲೂ ಓಡುತ್ತಿತ್ತು.

ಇನ್ನು ನನ್ನ ವಿಷಯ. ನನ್ನನ್ನು ಅರಿಯದವರು ಚಿಕ್ಕೋಡಿ ತಾಲೂಕಿನಲ್ಲಿ ಕಡಿಮೆ, ಆದರೂ ಹೇಳಿಬಿಡುತ್ತೇನೆ. ಜನ ನನ್ನನ್ನು ಖೋಡಿ ಎಂದು ಕರೆಯುತ್ತಾರೆ. ಮಾಡಿದ ಚೇಷ್ಟೆಗಳಿಗೆ ನಾನು ಲೆಕ್ಕ ಇಟ್ಟಿಲ್ಲ. ಊಟ ಮಾಡಿದ ತುತ್ತುಗಳಿಗೆ ಯಾರು ಲೆಕ್ಕ ಇಡುತ್ತಾರೆ? ಮಲಗಿದ್ದ ಇಬ್ಬರು ಬೀಗರ ಧೋತರಗಳನ್ನು ಗಂಟು ಹಾಕಿ, ಪಂಕ್ತಿಗೆ ಎಲೆ ಹಾಕಿದ್ದಾರೆ ಎಂದು ಎಬ್ಬಿಸಿದವನು ನಾನು. ಊರ ಹಿರಿಯರೊಬ್ಬರ ಮೊಬೈಲಿನಲ್ಲಿ ಕತ್ತೆ ಅರಚುವ ಸದ್ದು ಕೂರಿಸಿ, ಪಂಚಾಯಿತಿ ಸಭೆ ತುಂಬಿದಾಗ ಹೊರಗೆ ನಿಂತು ಫೋನು ಮಾಡಿದವನೂ ನಾನೇ. ಎಲ್ಲಕ್ಕಿಂತ ದೊಡ್ಡದೆಂದರೆ, ರಾಯಬಾಗದ ನನ್ನ ಹೆಂಡತಿಯ ಅಣ್ಣನಿಗೆ ದನಿ ಬದಲಿಸಿ ಫೋನು ಮಾಡಿ, ನಾನೇ ಸತ್ತೆನೆಂದು ಹೇಳಿದ್ದು. ಅವರು ಜೀಪು ತುಂಬ ಜನ, ಕೈಯಲ್ಲಿ ಹೂವಿನ ಹಾರ ಹಿಡಿದು, ಊರಬಾಗಿಲ ಅಗಸೆಯಿಂದಲೇ ಅಳುತ್ತ ಬಂದರು. ನಾನು ಕಟ್ಟೆಯ ಮೇಲೆ ಕೂತು, "ಬರ್ರಿ ಬರ್ರಿ, ಹೋಳಿಗಿ ಆರಾಕತ್ತಾವು" ಎಂದೆ. ಆ ಹಾರವನ್ನು ಹಾಕಿಸಿಕೊಂಡೇ ಊಟಕ್ಕೆ ಕೂತೆ. ಆತ ಇವತ್ತಿಗೂ ನನ್ನ ಫೋನು ಎತ್ತಿದರೆ ಮೊದಲು "ನೀ ಜೀವಂತ ಅದೀಯೋ?" ಎಂದು ಕೇಳುತ್ತಾನೆ.

ಅಂಥ ನನಗೆ ಸರಿಸಮ ನಿಂತವಳು ವೈನಿ ಒಬ್ಬಳೇ. ಅವಳು ಮದುವೆಯಾಗಿ ಬಂದಾಗ ನಾನಿನ್ನೂ ಸಾಲೆಗೆ ಹೋಗುತ್ತಿದ್ದೆ. ಮೊದಲ ದಿನ ಅವಳು ಹಿಟ್ಟಿನ ಡಬ್ಬಿಗೆ ಕೈ ಹಾಕುವ ಹೊತ್ತಿಗೆ ನಾನು ಅದರಲ್ಲೊಂದು ಕಪ್ಪೆ ಕೂರಿಸಿದ್ದೆ. ಚೀರುತ್ತಾಳೆಂದು ಬಾಗಿಲ ಹಿಂದೆ ಕಾದು ನಿಂತೆ. ಚೀರಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ಅಷ್ಟೆ. ಮರುದಿನ ಸಾಲೆಯಲ್ಲಿ ಮಾಸ್ತರರು ಪುಸ್ತಕ ತೆಗೆಯಿರಿ ಎಂದಾಗ ನನ್ನ ಪಾಟಿಚೀಲದಿಂದ ಕಪ್ಪೆ ಜಿಗಿದು ನೇರ ಅವರ ಮೇಜಿನ ಮೇಲೆ ಹೋಗಿ ಕೂತಿತು. ಅದರ ಮೈಗೆಲ್ಲ ಜೋಳದ ಹಿಟ್ಟು. ಛಡಿ ಏಟು ತಿಂದು ಮನೆಗೆ ಬಂದರೆ, ವೈನಿ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಮುಂದಿಟ್ಟು, "ಆರಾಮ ಐತೇನ್ರಿ ನಿಮ್ಮ ಗೆಳೆಯಾ?" ಎಂದು ಕೇಳಿದಳು. ಅಂದಿನಿಂದ ನಾನು ಅವಳ ಆಳು.

ಮಳೆಗಾಲ ಹಿಂದೆ ಸರಿದು ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮುನ್ನ ನಮ್ಮ ಓಣಿಯ ಜನ ಮಂಗಸೂಳಿಗೆ ನಡೆದು ಹೋಗುತ್ತಾರೆ. ಮೊದಲು ಚಕ್ಕಡಿ ಇರುತ್ತಿತ್ತು, ಈಗ ಟ್ರ್ಯಾಕ್ಟರು; ಪಾತ್ರೆ, ಹಾಸಿಗೆ, ತಾಡಪತ್ರಿ ಅದರಲ್ಲಿ, ಜನ ನಡಿಗೆಯಲ್ಲಿ. ಕೃಷ್ಣೆಯನ್ನು ದಾಟುವ ಮುನ್ನ ಒಂದು ರಾತ್ರಿ ಹೊಳೆಯ ದಂಡೆಯಲ್ಲಿ ವಸತಿ. ಆ ವಸತಿಯ ಯಜಮಾನಿ ವೈನಿ. ಅದನ್ನು ಅವಳಿಗೆ ಯಾರೂ ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು.

ಹೊಳೆ ಕಂಡೊಡನೆ ಉಳಿದವರೆಲ್ಲ ಮುಖ ತೊಳೆಯಲು ಓಡಿದರೆ, ಅವಳು ಜಾಲಿಗಿಡಗಳ ಕಡೆ ಹೋಗುತ್ತಿದ್ದಳು. ಟೊಂಗೆಗಳಲ್ಲಿ ಒಣಹುಲ್ಲು, ಕಬ್ಬಿನ ಒಣಗರಿಯ ರವದಿ, ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿರುತ್ತಿದ್ದವು. ಹಿಂದಿನ ಮಹಾಪೂರ ಎಲ್ಲಿಯತನಕ ಬಂದಿತ್ತೆಂಬುದಕ್ಕೆ ಅದೇ ಗುರುತು. "ನೋಡ್ರಿ, ಹೊಳಿ ಇಲ್ಲಿ ಅರಿವಿ ಒಣಹಾಕೈತಿ. ಆಕಿ ಅರಿವಿ ಒಣಹಾಕಿದ ಜಾಗಾ ಆಕಿದು, ನಮ್ಮದಲ್ಲ. ನಡೀರಿ ಮ್ಯಾಲೆ" ಎಂದು, ಆ ಕಸವನ್ನೇ ಹೊಳೆಯ ಬಟ್ಟೆಯೆಂದು ತೋರಿಸಿ, ಎಲ್ಲರನ್ನೂ ಇನ್ನಷ್ಟು ಮೇಲಕ್ಕೆ ಅಟ್ಟುತ್ತಿದ್ದಳು. ಕೆಳಗೆ ಮೆತ್ತನೆ ಮರಳು, ತಂಪು ಗಾಳಿ. ಮೇಲೆ ಹೆಂಟೆ, ಕಲ್ಲು, ಮುಳ್ಳು. ನಡೆದು ಸೋತವರು ಗೊಣಗುತ್ತಿದ್ದರು.

"ವೈನಿ, ಮಳಿ ಇಲ್ಲ ಏನಿಲ್ಲ, ಮುಗಿಲು ನೋಡ್ರಿ ಹೆಂಗ ನಿಚ್ಚಳ ಐತಿ!"

"ಮುಗಿಲು ನಮ್ಮದರಿ. ನೀರು ಮಂದಿದು."

ಅದು ನಿಜ. ಪಶ್ಚಿಮಕ್ಕೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದು, ತುಂಬಿದ ಅಣೆಕಟ್ಟಿನ ಬಾಗಿಲು ತೆರೆದರೆ, ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುತ್ತದೆ. ಅದಕ್ಕಾಗಿ ವೈನಿ ತವರಿನ ಅಕ್ಕನಿಗೆ ಫೋನು ಮಾಡಿ ಮರಾಠಿಯಲ್ಲಿ "ಪಾಣಿ ಕಸಂ ಆಹೆ ಗ ತಿಕಡೆ?" ಎಂದು ಅಲ್ಲಿ ನೀರು ಹೇಗಿದೆಯೆಂದು ವಿಚಾರಿಸುತ್ತಿದ್ದಳು. ಅಲ್ಲಿ ಏರಿದ ನೀರು ಇಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಅಕ್ಕ ಹೂಂ ಅಂದರಷ್ಟೇ ಒಲೆ ಹೂಡುವುದು. ಟ್ರ್ಯಾಕ್ಟರಿನ ಮೋರೆ ರಸ್ತೆಯ ಕಡೆಗೇ ಇರಬೇಕು. ಕಡೆಗೆ, ಯಾರದೋ ಹೊಲದಿಂದ ಕೇಳಿ ತಂದ ಒಂದು ಕಬ್ಬನ್ನು ಸೋಗೆ ಸಮೇತ ನೀರಿನ ಅಂಚಿಗೆ ನೆಡುತ್ತಿದ್ದಳು. ಕಬ್ಬಿಗೆ ಗೆಣ್ಣುಗಳಿರುತ್ತವಲ್ಲ, ಅವೇ ಅವಳ ಅಳತೆಪಟ್ಟಿ. ಒಂದು ಗೆಣ್ಣು ಮುಳುಗಿದರೆ ಅವಳು ಎದ್ದು ಕೂಡುತ್ತಿದ್ದಳು. ಎರಡನೆಯದು ಮುಳುಗಿದರೆ ಎಲ್ಲರೂ ಏಳಬೇಕು.

ಊಟವಾದ ಮೇಲೆ ಎಲ್ಲರಿಗಿಂತ ಕೆಳಗೆ, ಹೊಳೆಗೆ ಹತ್ತಿರ, ತನ್ನ ಕೌದಿ ಹಾಸಿ, ಹೊಳೆಯ ಕಡೆಗೆ ಕಾಲು ಮಾಡಿ ಮಲಗುತ್ತಿದ್ದಳು. ಗಂಗೆಗೆ ಕಾಲು ತೋರಿಸಬಾರದೆಂದು ಮುದುಕಿಯರು ಆಕ್ಷೇಪಿಸಿದರೆ, "ತೋರಸಾಕತ್ತಿಲ್ಲವ್ವ, ಮುಂದ ಮಾಡೀನಿ. ಬರೂದಾದ್ರ ಮೊದ್ಲ ನನ್ನ ಹಿಮ್ಮಡಿಗಿ ಹತ್ತಲಿ, ಬಿರುಕಿನಾಗ ತಣ್ಣಗ ಹೊಕ್ಕರ ನನಗ ಎಚ್ಚರ ಆಗತೈತಿ" ಎನ್ನುತ್ತಿದ್ದಳು.

ನಾನು ಮೊದಲ ಸಲ ಆ ವಸತಿಗೆ ಹೋದಾಗ, ಸಹಜವಾಗಿಯೇ, ನನ್ನ ತಲೆಯಲ್ಲೊಂದು ಉಪಾಯ ಹೊಳೆಯಿತು. ಎಲ್ಲರೂ ಉಣ್ಣುತ್ತ ಕೂತಿರುವಾಗ "ನೀರು ಬಂತು!" ಎಂದು ಕೂಗಿದರೆ ಹೇಗಿರುತ್ತದೆ? ಝುಣಕದ ಪಾತ್ರೆ ಎಲ್ಲಿ, ಬೀಗರ ರುಮಾಲು ಎಲ್ಲಿ! ನೆನೆಸಿಕೊಂಡೇ ನಗು ಬಂತು. ಆ ನಗುವನ್ನು ವೈನಿ ನೋಡಿಬಿಟ್ಟಳು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ನನ್ನ ಕಿವಿ ಹಿಡಿದು ಗಿಡದ ಆಚೆಗೆ ಕರೆದುಕೊಂಡು ಹೋದಳು. ಅವಳು ನನಗೆ ಏಕವಚನ ಬಳಸಿದ್ದು ಅದೇ ಮೊದಲು.

"ಲೇ ಖೋಡಿ, ಏನು ಬೇಕಾದ್ದು ಮಾಡು. ಹಾವು ಬಂತು ಅನ್ನು, ಕಳ್ಳ ಬಂದ ಅನ್ನು. ನೀರು ಬಂತು ಅನಬ್ಯಾಡ. ಇಡೀ ಜನ್ಮದಾಗ ಅದೊಂದು ಮಾತು ಕೆಡಸಬ್ಯಾಡ. ಅದನ್ನ ಸ್ವಚ್ಛ ಇಟ್ಕೋ."

"ಯಾಕ್ರಿ ವೈನಿ?"

"ನಾ ಹೇಳೀನಿ ಅಂತ."

ಮಲ್ಲಯ್ಯನ ಮೇಲೆ ಆಣೆ ಮಾಡಿಸಿದಳು. ನಾನೂ ಮಾಡಿದೆ. ಆಣೆಗಳನ್ನು ಮುರಿಯುವುದರಲ್ಲಿ ನನಗಿರುವ ಹೆಸರು ನಿಮಗೆ ಗೊತ್ತಿಲ್ಲ. ಆದರೆ ಇದೊಂದನ್ನು ಮುರಿಯಲಿಲ್ಲ. ಆಣೆಯಾದ ಮೇಲೂ ವೈನಿಯ ಹಿಟ್ಟಿನ ಬೆರಳುಗಳು ನನ್ನ ಕಿವಿ ಬಿಡಲಿಲ್ಲ; ಅವಳ ಕಣ್ಣು ಹೊಳೆಯ ಕಡೆಗೇ ಇತ್ತು. ಕಪ್ಪೆಗೆ ಅಂಜದವಳು ಯಾತಕ್ಕೆ ಅಂಜುತ್ತಿದ್ದಾಳೆಂದು ತಿಳಿಯಲಿಲ್ಲ; ತಿಳಿಯದ್ದರಿಂದಲೇ ಅದು ಮನಸ್ಸಿನಲ್ಲಿ ಕೂತಿತು.

ವರ್ಷಗಳು ಹೋದವು. ಅಣ್ಣ ತೀರಿಕೊಂಡ. ವೈನಿಯ ಮಗಳನ್ನು ಬೇಡಕಿಹಾಳಕ್ಕೆ ಕೊಟ್ಟೆವು, ಮಗ ಹೊಲ ನೋಡಿಕೊಂಡು ಮನೆಯಲ್ಲೇ ಉಳಿದ. ನಾನು ಮುದುಕನಾದೆ, ನನ್ನ ಚೇಷ್ಟೆಗಳು ಇನ್ನೂ ಹದಕ್ಕೆ ಬಂದವು. ಮಂಗಸೂಳಿಯ ದಾರಿಯಲ್ಲಿ ನನ್ನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. "ಚಾ ಆಗೇತಿ, ಬರ್ರಿ" ಎಂದು ನಾನು ಕರೆದರೆ ಮೊದಲೊಬ್ಬರು ಬಂದು ಪಾತ್ರೆಯಲ್ಲಿ ಇಣುಕಿ ನೋಡಿ ಹೋಗುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಮಾತು. ಆ ಸಲ ಬೇಡಕಿಹಾಳದ ಮಗಳೂ ಬಂದಿದ್ದಳು, ಕಂಕುಳಲ್ಲಿ ಇನ್ನೂ ಹೆಜ್ಜೆ ಇಡದ ಕೂಸು. ಹೊಳೆಯ ದಂಡೆಗೆ ಮುಟ್ಟಿದಾಗ ವೈನಿ ಎಂದಿನಂತೆ ಅಕ್ಕನಿಗೆ ಫೋನು ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು, ಹತ್ತಲಿಲ್ಲ. ಅವಳ ಮೋರೆ ಸಣ್ಣದಾಯಿತು. ಎಲ್ಲರನ್ನೂ ಎಂದಿಗಿಂತ ಮೇಲೆ ಮಲಗಿಸಿದಳು. ಕಬ್ಬು ನೆಟ್ಟಳು. ನಡುವೆ ಎದ್ದೆದ್ದು ನೋಡಿದಳೆಂದು ತೋರುತ್ತದೆ, ಬೆಳಿಗ್ಗೆ ಅವಳ ಕಣ್ಣುಗಳು ಕೆಂಪಾಗಿದ್ದವು. ಆದರೆ ಕಬ್ಬು ನೆಟ್ಟಲ್ಲೇ ನಿಂತಿತ್ತು, ಒಂದು ಗೆಣ್ಣೂ ತೋಯ್ದಿರಲಿಲ್ಲ. ಬೆಳಕಾಗಿತ್ತು. ಹೆಂಗಸರು ಸ್ನಾನಕ್ಕೆ ಹೊರಟರು.

ದಂಡೆಯ ಕೆಳಗೆ ಒಂದು ಒಣ ಹಳ್ಳ, ಅದು ಹೊಳೆಗೆ ಕೂಡುವಲ್ಲೇ ವೈನಿ ಕಬ್ಬು ನೆಟ್ಟಿದ್ದಳು; ಹಳ್ಳ ದಾಟಿದರೆ ಮರಳ ದಿಬ್ಬ, ದಿಬ್ಬದ ಆಚೆ ಹೊಳೆ. ಆ ದಿಬ್ಬವನ್ನು ವೈನಿ ನಂಬುತ್ತಿರಲಿಲ್ಲ. "ಹೊಳಿ ಮುಂದಿಂದ ಬರೂದಿಲ್ಲ, ಹಿಂದಿಂದ ಬಂದು ದಾರಿ ಕಟ್ಟತೈತಿ" ಎನ್ನುತ್ತಿದ್ದಳು. ಏರಿದ ನೀರು ಮೊದಲು ಆ ಹಳ್ಳಕ್ಕೆ ನುಗ್ಗಿ ದಿಬ್ಬವನ್ನು ದಂಡೆಯಿಂದ ಬೇರೆ ಮಾಡುತ್ತದೆಂದು ಅವಳ ಅರ್ಥ. ಆದರೆ ನಡೆದು ಬೆವೆತ ಹೆಂಗಸರಿಗೆ ತಿಳಿನೀರು ಕಾಣಿಸಿತ್ತು. "ಲಗೂನ ಮುಗಸ್ರಿ, ಲಗೂನ" ಎನ್ನುತ್ತ, ಕಾವಲಿಗೆಂದು ತಾನೂ ಅವರ ಜೊತೆ ಹೋದಳು.

ಎಲ್ಲರೂ ಚಪ್ಪಲಿಗಳನ್ನು ದಂಡೆಯ ಮೇಲೆ ಸಾಲಾಗಿ ಬಿಟ್ಟು ಹೋಗಿದ್ದರು. ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಸಂತನೇ? ನೀರಿನ ಚೇಷ್ಟೆ ಬೇಡವೆಂದಿದ್ದಳೇ ಹೊರತು ಚಪ್ಪಲಿಯ ಚೇಷ್ಟೆಯ ಬಗ್ಗೆ ವೈನಿ ಏನೂ ಹೇಳಿರಲಿಲ್ಲ. ಗೊಬ್ಬರದ ಖಾಲಿ ಚೀಲಕ್ಕೆ ಅಷ್ಟನ್ನೂ ತುಂಬಿ, ಜಾಲಿಗಿಡದ ಎತ್ತರದ ಟೊಂಗೆಗೆ ನೇತುಹಾಕಲು ಹತ್ತಿದೆ. ಆ ವಯಸ್ಸಿನಲ್ಲಿ ಜಾಲಿಗಿಡ ಹತ್ತುವವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಚೀಲ ಕಟ್ಟಿ, ಕೈ ಝಾಡಿಸಿ, ಕೆಳಗೆ ನೋಡಿದೆ.

ಕಬ್ಬು ನಿಂತಿರಲಿಲ್ಲ, ನೀರು ಅದನ್ನು ಮಲಗಿಸಿತ್ತು. ಸೋಗೆಯ ತುದಿಯಷ್ಟೇ ನೀರಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಸದ್ದೇ ಇರಲಿಲ್ಲ. ಹಳ್ಳದಲ್ಲಿ ಕಂದು ಬಣ್ಣದ ನೀರು ನಾಲಿಗೆ ಚಾಚಿಕೊಂಡು, ನೊರೆ ಹೊತ್ತು, ದನ ನಡೆದು ಬಂದಂತೆ ಸಾವಕಾಶ ಬರುತ್ತಿತ್ತು. ಹೆಂಗಸರೆಲ್ಲ ಅದಕ್ಕೆ ಬೆನ್ನು ಮಾಡಿ, ಹೊಳೆಯ ಕಡೆ ಮುಖ ಮಾಡಿ ನಗುತ್ತಿದ್ದರು. ಕೂಸನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ವೈನಿಯೂ ಬಗ್ಗಿ ಅದಕ್ಕೆ ನೀರು ಹಾಕುತ್ತಿದ್ದಳು.

ಕೂಗಲು ಬಾಯಿ ತೆಗೆದವನಿಗೆ ನೆನಪಾಯಿತು: ಹಿಂದಿನ ದಿನವಷ್ಟೇ ಅವರಿಗೆ ಕಬ್ಬಿನಲ್ಲಿ ಚಿರತೆ ಇದೆ ಎಂದಿದ್ದೆ. ಟ್ರ್ಯಾಕ್ಟರು ಬಿಟ್ಟುಹೋಯಿತು ಎಂದಿದ್ದೆ. ನನ್ನ ಕೂಗು ಕೇಳಿದರೆ ಇವರು ನಗುತ್ತಾರೆ, ಇನ್ನೊಂದು ತಂಬಿಗೆ ಮೈಮೇಲೆ ಸುರುವಿಕೊಳ್ಳುತ್ತಾರೆ, ಅಷ್ಟರಲ್ಲಿ ಹಳ್ಳ ತುಂಬುತ್ತದೆ. ಆದರೂ ಟೊಂಗೆಯ ಮೇಲಿಂದಲೇ ಕೂಗಿದೆ:

"ನೀರು ಬಂತು! ವೈನೀ, ನೀರು ಬಂತು!"

ಯಾರೂ ತಿರುಗಿ ನೋಡಲಿಲ್ಲ. ನಿಜವೇ ಸುಳ್ಳೇ ಎಂದು ಹೊಳೆಯನ್ನೂ ನೋಡಲಿಲ್ಲ. ಮಗಳು ಕೂಸನ್ನು ಕಸಿದುಕೊಂಡು ಓಡಿದಳು. ಸೀರೆ, ತಂಬಿಗೆ, ಸಬಕಾರದ ಡಬ್ಬಿ ಎಲ್ಲ ಬಿಟ್ಟು, ಒದ್ದೆ ಮೈಯಲ್ಲೇ, ಮುದುಕಿಯರೂ ಓಡಿದರು. ನಾನು ಆ ಮಾತನ್ನು ಚೇಷ್ಟೆಗೆ ಆಡುವುದಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ವೈನಿ ಒಬ್ಬೊಬ್ಬರಿಗೂ ಹೇಳಿಟ್ಟಿದ್ದಳಂತೆ: "ಅವ ಏನರ ಅನ್ನಲಿ, ನಂಬಬ್ಯಾಡ್ರಿ. ನೀರು ಬಂತು ಅಂದ್ರ ಮಾತ್ರ ಹಿಂದ ನೋಡಬ್ಯಾಡ್ರಿ."

ಮುಂದಿನವರು ಹಳ್ಳ ದಾಟುವಾಗ ನೀರು ಮೊಣಕಾಲಿಗಿತ್ತು. ಕೊನೆಗೆ ಎಲ್ಲರನ್ನೂ ದೂಡುತ್ತ ಬಂದ ವೈನಿಗೆ ಅದು ಸೊಂಟಕ್ಕೆ ಬಂದಿತ್ತು. ಅವಳ ಕಾಲು ಜಾರಿತು. ನಾನು ಗಿಡದಿಂದ ಜಿಗಿದು, ನೀರಿಗಿಳಿದು, ಅವಳ ಸೆರಗು ಹಿಡಿದು ಎಳೆದೆ. ನಾನು ಅವಳನ್ನು ಎಳೆದುಕೊಂಡು ಬಂದೆನೆಂದು ಊರಲ್ಲೆಲ್ಲ ಹೇಳಿದೆ. ಅವಳೇ ನನ್ನನ್ನು ಕೊರಳಪಟ್ಟಿ ಹಿಡಿದು ದಂಡೆಗೆ ಒಗೆದಳೆಂದು ಅವಳು ಹೇಳಿದಳು. ನೋಡಿದವರು ಅವಳ ಕಡೆಗೇ ಮಾತಾಡಿದರು. ಹೆಂಗಸರೆಲ್ಲ ಒಂದು ಕಡೆ ಆಗುವುದು ಹೊಸದೇನಲ್ಲ.

ಮೇಲೆ ಕೂತು ನೋಡಿದೆವು. ಕೂಸು ಕೂತಿದ್ದ ಕಲ್ಲು ಮೊದಲು ಮುಳುಗಿತು. ಆಮೇಲೆ ದಿಬ್ಬ ಇದ್ದ ಜಾಗದಲ್ಲಿ ಬರೀ ಹೊಳೆ. ಯಾರದೋ ಹಸಿರು ಸೀರೆ ನೀರಿನ ಮೇಲೆ ಹರಡಿಕೊಂಡು, ತಿರುಗುತ್ತ ತಿರುಗುತ್ತ ಹೋಯಿತು.  ಆಮೇಲೆ ಒಬ್ಬಾಕೆ ತನ್ನ ಅಂಗಾಲು ನೋಡಿಕೊಂಡು, "ಅಯ್ಯಯ್ಯ, ಮುಳ್ಳು!" ಎಂದಳು. ಆಗ ಎಲ್ಲರಿಗೂ ನೆನಪಾಯಿತು. ಜಾಲಿಮುಳ್ಳಿನ ಮೇಲೆ ಅಷ್ಟೂ ಜನ ಬರಿಗಾಲಲ್ಲಿ ಓಡಿ ಬಂದಿದ್ದರು.

"ನಮ್ಮ ಚಪ್ಲಿ ಎಲ್ಲಿ ಹೋದ್ವು?"

ಎಲ್ಲರೂ ನನ್ನನ್ನು ನೋಡಿದರು. ನಾನು ಮೇಲೆ ಟೊಂಗೆಯನ್ನು ನೋಡಿದೆ. ಜೀವ ಉಳಿಸಿದವನಿಗೆ ಅಷ್ಟು ಬೈಗುಳ ಜಗತ್ತಿನಲ್ಲಿ ಎಲ್ಲೂ ಸಿಕ್ಕಿರಲಾರದು. ಚೀಲ ಇಳಿಸಿ, ಬಹುಮಾನ ಹಂಚಿದ ಹಾಗೆ ಒಂದೊಂದೇ ಜೋಡಿ ಕೊಟ್ಟೆ. ವೈನಿ ಬಳೆಯಲ್ಲಿ ಸಿಗಿಸಿಕೊಂಡಿದ್ದ ಪಿನ್ನು ತೆಗೆದು, ಒಬ್ಬೊಬ್ಬರ ಕಾಲನ್ನೂ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದಳು. ಆವತ್ತೇ ಹೊಸ ಕಾನೂನು ಬಂತು: ಹೊಳೆಯ ದಂಡೆಯಲ್ಲಿ ಚಪ್ಪಲಿಯನ್ನು ಕಣ್ಣಳತೆಯ ಆಚೆ ಬಿಡಬಾರದು, ಮಲಗುವಾಗ ತಲೆಯ ಕೆಳಗೆ ಇಟ್ಟುಕೊಳ್ಳಬೇಕು.

ಎಲ್ಲರೂ ಗಂಟು ಕಟ್ಟಲು ಎದ್ದ ಮೇಲೆ ಅವಳು ನನ್ನ ಹತ್ತಿರ ಬಂದು ಕೂತಳು. ನನ್ನ ಅಂಗೈಯಲ್ಲೂ ಜಾಲಿಮುಳ್ಳು ಮುರಿದಿತ್ತು. ಅದನ್ನು ತೆಗೆಯುತ್ತ, ಮುಖ ಎತ್ತದೆ ಹೇಳಿದಳು.

"ನಮ್ಮಣ್ಣಾನೂ ನಿಮ್ಮಂಗ ಇದ್ದ ಭಾವೋಜಿ. ಹೊಟ್ಟಿ ಹುಣ್ಣಾಗುವಂಗ ನಗಸ್ತಿದ್ದ. ಬ್ಯಾಸಗ್ಯಾಗ ಹೊಳಿ ಮರಳಾಗ ಕಲ್ಲಂಗಡಿ ಹಾಕ್ತಿದ್ವಿ, ಕಾವಲಿಗಿ ಅಲ್ಲೇ ಗುಡಸಲಾ. ದಿನಾ ಕೂಗಾಂವ, ನೀರು ಬಂತೂ ಅಂತ. ನಾವು ಎದ್ದು ಓಡೂದು, ಅವ ಬಿದ್ದು ಬಿದ್ದು ನಗೂದು. ಒಂದಿನಾ ಹೊತ್ತಲ್ಲದ ಹೊತ್ತಿನಾಗ ಅಡಮಳಿ ಆಗಿ ಖರೇನ ಬಂತು. ಅವ ದಿಬ್ಬದ ಆ ತುದ್ಯಾಗ ಇದ್ದ, ನಾವು ದಂಡಿ ಮ್ಯಾಲೆ. ಹಗ್ಗಾ ಒಗೀರಿ ಅಂತ ಕೂಗಿದ."

ಮುಳ್ಳು ಹೊರಗೆ ಬಂತು. ಅವಳು ನನ್ನ ಕೈ ಬಿಡಲಿಲ್ಲ.

"ಅವ ಕೂಗಿದ್ದು ನಮಗ ಕೇಳಿತ್ತು ಭಾವೋಜಿ. ಎಲ್ಲಾರಿಗೂ ಕೇಳಿತ್ತು. ನಾವು ನಕ್ಕೋಂತ ಕುಂತಿದ್ವಿ."

  ಅವಳು ಪಿನ್ನನ್ನು ಬಳೆಗೆ ಸಿಗಿಸಿಕೊಂಡು, "ನಡೀರಿ, ಮಲ್ಲಯ್ಯ ಕಾಯಾಕತ್ತಾನ" ಎಂದು ಎದ್ದಳು. ಆ ಸಲ ಮಂಗಸೂಳಿಯಲ್ಲಿ ಅವಳು ಭಂಡಾರ ತೂರಲಿಲ್ಲ. ಒಂದು ಮುಷ್ಟಿ ತೆಗೆದುಕೊಂಡು ನನ್ನ ಹಣೆಗೆ, ಕೆನ್ನೆಗೆ, ಗಂಟಲಿಗೆ ಹಚ್ಚಿದಳು. ಗಂಟಲಿಗೆ ಸ್ವಲ್ಪ ಹೆಚ್ಚೇ ಹಚ್ಚಿದಳು.

ಕಳೆದ ವರ್ಷ ವೈನಿಯ ಕಾಲುಗಳಿಗೆ ಬಾವು ಬಂತು. ಮೂತ್ರಪಿಂಡ ಕೆಟ್ಟಿದೆ ಎಂದರು ಡಾಕ್ಟರು. ಆಸ್ಪತ್ರೆಗೆ ಹೋಗುವುದು, ಬರುವುದು, ಮಲಗುವುದು. ಬಾವು ಏರಿದ ಹಾಗೆ ಆ ಹಿಮ್ಮಡಿಗಳ ಬಿರುಕುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಚರ್ಮ ಬಿಗಿದು, ನುಣುಪಾಗಿ, ಹೊಳೆಯತೊಡಗಿತು. ಹಳದಿಯೂ ಕಾಣದಾಯಿತು. ನನಗೆ ಆ ನುಣುಪನ್ನು ನೋಡಲಿಕ್ಕಾಗುತ್ತಿರಲಿಲ್ಲ; ನೋಡಲಿಕ್ಕಾಗದ್ದಕ್ಕೆ ಕಾಡಿದೆ.

"ಏನ್ರಿ ವೈನಿ, ಪಾದ ಹೊಸಾ ಮದುಮಗಳದಂಗ ಆಗ್ಯಾವಲ್ಲ!"

"ಆಗಬೇಕಲ್ರಿ. ತವರಿಗಿ ಹೊಂಟೀನಿ, ಅಣ್ಣ ಕರ್ಯಾಕ ಬರ್ತಾನ" ಎಂದು ನಕ್ಕಳು. ನಕ್ಕಾಗ ಉಸಿರು ಹತ್ತಿತು. ಸ್ವಲ್ಪ ಹೊತ್ತಿನ ಮೇಲೆ, "ಆ ಮಾತು ಕೆಡಿಸಿಲ್ಲಲ್ಲ?" ಎಂದು ಕೇಳಿದಳು.

"ಇಲ್ರಿ ವೈನಿ."

"ಬೇಷ್. ಬೆನ್ನಿಗಿ ತಲಿದಿಂಬು ಕೊಡ್ರಿ. ಅದರಾಗ ಕಪ್ಪಿ ಇಟ್ಟಿಲ್ಲಲ್ಲ?"

ಅದು ಅವಳು ನನಗೆ ಆಡಿದ ಕಡೆಯ ಮಾತು. ಮರುದಿನ ಮಧ್ಯಾಹ್ನ, ಹೊರಗೆ ಬಿಸಿಲು ಕಾಯುತ್ತಿರುವಾಗ, ಗಂಜಿ ಕುಡಿಸಲು ಹೋದವರಿಗೆ ಅವಳು ಸಿಗಲಿಲ್ಲ.

ಮನೆಯಲ್ಲಿ ಅಳು ಎದ್ದಿತು. ಬೀಗರಿಗೆ ಸುದ್ದಿ ಮುಟ್ಟಿಸಬೇಕು. ವೈನಿಯ ಮಗ ಫೋನು ಹಿಡಿದುಕೊಂಡು ನಿಂತ. ಕಡೆಗೆ ನನ್ನ ಕೈಗೆ ಕೊಟ್ಟು ಓಣಿಯ ಜನರನ್ನು ಕರೆಯಲು ಹೋದ. ಬೇಡಕಿಹಾಳಕ್ಕೆ ಹಚ್ಚಿದೆ. ಅಳಿಯ ಎತ್ತಿದ.

"ಬೇಗ ಬರ್ರಿ. ವೈನಿ ಹೋದ್ರು."

"ಎಲ್ಲಿಗಿ ಹೋದ್ರು ಕಾಕಾ, ಸಂತಿಗೇನ್ರಿ?"

"ತೀರಿಕೊಂಡ್ರಪ್ಪ."

"ಸಾಕ್ ಬಿಡ್ರಿ ಕಾಕಾ. ಮುಂಜಾನೆ ಈಕಿ ಮಾತಾಡ್ಯಾಳ, ಆರಾಮ ಅದಾರ. ನೀವು ರಾಯಬಾಗದವರಿಗಿ ಮಾಡಿದ್ದ ಆಟ ನಮ್ಮ ಮುಂದ ನಡ್ಯಾಂಗಿಲ್ಲ."

ನಗುತ್ತಲೇ ಫೋನು ಇಟ್ಟ. ಮತ್ತೆ ಹಚ್ಚಿದೆ. ಈ ಸಲ ಮಗಳೇ ಎತ್ತಿದಳು. ಹಿಂದೆ ಅಳಿಯನ ನಗು ಇನ್ನೂ ಕೇಳಿಸುತ್ತಿತ್ತು. ನನ್ನ ದನಿ ಬಿಗಿದಿತ್ತು. ನಿಜಕ್ಕೂ ಬಿಗಿದ ದನಿ ಹೇಗಿರುತ್ತದೋ ಅದೇ ದನಿಯನ್ನು ನಾನು ನಾಟಕಕ್ಕೆ ಎಷ್ಟೋ ಸಲ ತೆಗೆದಿದ್ದೆನಲ್ಲ!

"ಅವ್ವ ಹೋದಳವ್ವಾ. ನಿನ್ನಾಣೆ."

"ಕಾಕಾ, ಏನ್ರಿ ನೀವು, ಇಂಥಾದ್ದಕ್ಕ ಆಟ ಆಡತಾರೇನು?" ಅವಳ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಇನ್ನೂ ನಗುವಿತ್ತು. "ಹೋಗ್ಲಿ, ಅವ್ವನ ಕೈಯಾಗ ಫೋನ್ ಕೊಡ್ರಿ. ನಾ ಅವ್ವಗ ಹೇಳತೀನಿ."

ಅವ್ವನ ಕೈಯಲ್ಲಿ ಫೋನು ಕೊಡಿ ಎಂದಳು. ನಾನು ಒಳಗೆ ನೋಡಿದೆ. ವೈನಿಯನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಆ ನುಣುಪು ಪಾದಗಳು ಮುಂದೆ ಚಾಚಿಕೊಂಡಿದ್ದವು. ನನ್ನ ಹತ್ತಿರ ಇನ್ನೇನು ಉಳಿದಿತ್ತು? ಸಾವು, ಆಣೆ, ಅಳು, ದೇವರು, ಎಲ್ಲ ಮಾತನ್ನೂ ನಾನು ಆಡಿ ಆಡಿ ಸವೆಸಿದ್ದೆ. ಸ್ವಚ್ಛವಾಗಿದ್ದದ್ದು ಒಂದೇ. ಅದನ್ನೂ ವೈನಿಯೇ ಕೊಟ್ಟಿದ್ದಳು.

"ನೀರು ಬಂತವ್ವಾ" ಎಂದೆ.

ಆ ಕಡೆ ಅಳಿಯನ ನಗು ನಿಂತಿತು, ಅವಳೇ ಕೈ ಮಾಡಿ ನಿಲ್ಲಿಸಿರಬೇಕು. ಆಮೇಲೆ ಬಹಳ ಸಣ್ಣ ದನಿ ಬಂತು.

"ಯಾವಾಗ ಕಾಕಾ?"

ರಾಯಬಾಗಕ್ಕೆ ನಾನು ಫೋನು ಮಾಡಲಿಲ್ಲ, ಬೇರೆಯವರಿಂದ ಮಾಡಿಸಿದೆ. ಆ ಮಾತನ್ನು ಇನ್ನೊಮ್ಮೆ ಆಡುವ ಧೈರ್ಯ ನನಗಿರಲಿಲ್ಲ. ಬೇಡಕಿಹಾಳದ ಮಗಳು ಸಂಜೆಯೊಳಗೆ ಬಂದಳು. ಗಾಡಿಯಿಂದ ಇಳಿದವಳು ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು. ಅವ್ವ ಕಲಿಸಿದ್ದು. ಹೋಗಿ ಆ ಪಾದಗಳ ಹತ್ತಿರ ಕೂತು, ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದಳು, ಬಿರುಕು ಹುಡುಕುವ ಹಾಗೆ. ಸಿಗಲಿಲ್ಲ. ಆಗ ಅತ್ತಳು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಹೊಳೆ ಇಲ್ಲದಲ್ಲಿ, ನೀರು ಇಲ್ಲದಲ್ಲಿ ಆ ಮಾತು ಆಡಿದೆನಲ್ಲ, ಅದು ಕೆಟ್ಟಿತೋ ಇಲ್ಲವೋ? ವೈನಿಯನ್ನೇ ಕೇಳಬೇಕಿತ್ತು.

ಈ ವರ್ಷವೂ ಮಂಗಸೂಳಿಗೆ ಹೊರಟೆವು. ವೈನಿ ಇಲ್ಲದ ಮೊದಲ ವಸತಿ. ಹೊಳೆಯ ದಂಡೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಜನ ಮರಳಿನ ಕಡೆ ನೋಡಿದರು. ನಾನು ಬಾಯಿ ತೆಗೆಯುವ ಮೊದಲೇ ಬೇಡಕಿಹಾಳದ ಮಗಳು ಜಾಲಿಗಿಡದ ಕೆಳಗೆ ನಿಂತು, ಟೊಂಗೆಯ ಕಸವನ್ನು ಕೈಯಿಂದ ಮುಟ್ಟಿ ನೋಡಿ, "ಇಲ್ಲಿ ಹೊಳಿ ಅರಿವಿ ಒಣಹಾಕೈತಿ. ನಡೀರಿ ಮ್ಯಾಲೆ" ಎಂದಳು. ದೊಡ್ಡವ್ವನಿಗೆ ಫೋನು ಹಚ್ಚಿದಳು. ಕಬ್ಬು ನೆಡಲು ಇಳಿದಳು. ನಾನು ಅವಳ ಹಿಂದೆ ಹೋದೆ.

"ತಂಗೀ, ಒಂದು ಮಾತು ಕೇಳಲೇನ? ಆವತ್ತ ನಿನಗ ಫೋನಿನಾಗ ಅಂದೆ. ನೀರು ಬಂದಿರಲಿಲ್ಲ. ನಿಮ್ಮವ್ವನ ಮಾತು ಕೆಡಿಸಿದೆ ಅನಸ್ತೈತಿ ನನಗ."

ಅವಳು ಕಬ್ಬನ್ನು ಮರಳಿಗೆ ಚುಚ್ಚಿ, ಅಲುಗಾಡಿಸಿ ನೋಡಿ, ಬುಡಕ್ಕೆ ಕಲ್ಲು ಇಟ್ಟಳು.

"ನೀವು ಅಂದದ್ದಕ್ಕ ನಾ ಬಂದೆ ಕಾಕಾ. ಇಲ್ಲಾಂದ್ರ ನಕ್ಕೋಂತ ಕುಂಡ್ರತಿದ್ದೆ."

ಅಷ್ಟೇ ಹೇಳಿದಳು. ಅಣ್ಣನ ಕೂಗಿಗೆ ನಗುತ್ತ ಕೂತ ತನ್ನವ್ವನ ಕಥೆ ಅವಳಿಗೂ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

"ಹಂಗಾದ್ರೂ ನನ್ನ ಕಡೆ ಇನ್ನ ಬ್ಯಾಡವ್ವ ಅದು" ಎಂದೆ. "ನನ್ನ ಬಾಯಿ ಭರೋಸಾ ಇಲ್ಲ. ಇನ್ನ ಮ್ಯಾಲೆ ನೀ ಕೂಗು. ನೀ ಕೂಗಿದ್ರ ನಾ ಹಿಂದ ನೋಡೂದಿಲ್ಲ, ಓಡತೀನಿ."

"ಮೊಣಕಾಲು ಹಿಡಕೊಂಡು ಓಡತೀರಿ ಏನು?"

"ಜಾಲಿಗಿಡ ಹತ್ತತೀನಿ ಬೇಕಾದ್ರ!"

ಅವಳು ನಕ್ಕಳು. ತಾಯಿಯ ನಗುವೇ.

ಊಟವಾಯಿತು. ನಾನು ಎಲ್ಲರಿಗಿಂತ ಕೆಳಗೆ ಕೌದಿ ಹಾಸಲು ಹೋದರೆ ಅಲ್ಲಿ ಅವಳು ಆಗಲೇ ಹಾಸಿದ್ದಳು. ಚಪ್ಪಲಿಯನ್ನು ಮಡಚಿದ ಸೀರೆಯಲ್ಲಿ ಸುತ್ತಿ ತಲೆಯ ಕೆಳಗಿಟ್ಟು, ಹೊಳೆಯ ಕಡೆ ಕಾಲು ಮಾಡಿ ಮಲಗಿದ್ದಳು. ಒಲೆಯ ಕೆಂಡದ ಕೆಂಪು ಬೆಳಕಿನಲ್ಲಿ ಅವಳ ಹಿಮ್ಮಡಿಗಳು ಕಂಡವು. ಅವೂ ಬಿರಿಯತೊಡಗಿವೆ.